ಒಂದು ಕಿಲೋಮೀಟರು ಉತ್ತರಕ್ಕೆ

ಜನವರಿ 9
ಲೆಕ್ಕದ ಕೋಣೆ, ಮೂರನೇ ಮಹಡಿ

ಅಪ್ಪಾ,

ನಾನು ನಿಮಗೆ ಕಾಗದ ಬರೆದು ಎರಡು ವರ್ಷದ ಮೇಲಾಯಿತು. ನಿಮ್ಮ ನಕ್ಷೆ ವಿಭಾಗ ಬಿಟ್ಟು ನಾನು ಉಪಗ್ರಹದವರ ಜೊತೆ ಸೇರಿದ ದಿನ "ಇನ್ನು ನನ್ನ ಮುಖ ನೋಡಬೇಡ" ಅಂದಿರಿ. ನೋಡಲಿಲ್ಲ. ಈಗಲೂ ಮುಖ ನೋಡುವುದು ಬೇಡ, ಇದನ್ನು ಓದಿದರೆ ಸಾಕು.

ಈ ಕೋಣೆಯಲ್ಲಿ ಕೂತು ಬರೆಯುವುದೇ ಹೇಸಿಗೆ. ಯಂತ್ರದ ಬಿಸಿಗೆ ನೆಲದ ರಬ್ಬರು ಕರಗಿ ಚಪ್ಪಲಿಗೆ ಅಂಟುತ್ತದೆ. ಅರ್ಧ ಕುಡಿದಿಟ್ಟ ಚಹಾದಲ್ಲಿ ಸಿಗರೇಟಿನ ತುಂಡುಗಳು ಊದಿಕೊಂಡು ತೇಲುತ್ತವೆ. ನಿಮ್ಮ ಶಿಷ್ಯೋತ್ತಮ, ಅಂದರೆ ನಮ್ಮ ಈಗಿನ ದೊಡ್ಡ ಸಾಹೇಬರು, ಗುಂಡುಸೂಜಿಯಿಂದ ಹಲ್ಲು ಕುಕ್ಕಿಕೊಂಡು ಅದೇ ಸೂಜಿಯನ್ನು ನನ್ನ ವರದಿಗೆ ಚುಚ್ಚಿದರು. ಆ ವರದಿಯ ಬಗ್ಗೆಯೇ ಈ ಕಾಗದ.

ಕಳೆದ ಬೇಸಿಗೆಯಲ್ಲಿ ನಮ್ಮವರು ಉಪಗ್ರಹದ ಪೆಟ್ಟಿಗೆ ಹೊತ್ತುಕೊಂಡು ನಿಮ್ಮ ದ್ವೀಪಕ್ಕೆ ಹೋಗಿದ್ದರು. ಸಮುದ್ರದ ನಡುವೆ ಒಂಟಿ ಬೆಟ್ಟ, ನೀವು ಪ್ರಾಯದಲ್ಲಿ ನಕ್ಷತ್ರ ನೋಡಿ ನೋಡಿ ಅಳೆದದ್ದು. ನೀವು ನೆಟ್ಟ ಕಲ್ಲಿನ ಮೇಲೆಯೇ ಕಂಬ ನಿಲ್ಲಿಸಿ, ಉಪಗ್ರಹ ತಲೆಯ ಮೇಲೆ ಹಾಯ್ದಾಗಲೆಲ್ಲ ಅದರ ರೇಡಿಯೊ ಸದ್ದು ಹಿಡಿದು ತಂದರು. ಲೆಕ್ಕ ಹಾಕಿದವಳು ನಾನು. ತಪ್ಪು ನನ್ನದೇ ಇರಲಿ ಅಂತ ಹಾರೈಸಿಕೊಂಡು ಮತ್ತೆ ಮತ್ತೆ ಹಾಕಿದೆ. ಉತ್ತರ ಬದಲಾಗಲಿಲ್ಲ. ದ್ವೀಪ ನಿಮ್ಮ ನಕ್ಷೆಯಲ್ಲಿರುವ ಕಡೆ ಇಲ್ಲ. ಅಲ್ಲಿಂದ ಒಂದು ಕಿಲೋಮೀಟರು ಉತ್ತರಕ್ಕಿದೆ. ಅದರ ದಕ್ಷಿಣಕ್ಕಿರುವ ನೀರೊಳಗಿನ ಬಂಡೆಸಾಲೂ ಅಷ್ಟೇ ಸರಿದಿದೆ, ಎರಡರ ನಡುವೆ ಹಡಗುಗಳು ಹೋಗುವ ಓಣಿಯೂ ಅಷ್ಟೇ.

ಸಾಹೇಬರು ವರದಿಯನ್ನು ಡ್ರಾಯರಿಗೆ ಹಾಕಿ ಬೀಗ ಜಡಿದಿದ್ದಾರೆ. ಮಾರ್ಚಿಯಲ್ಲಿ ಆ ಓಣಿಗೆ ನಿಮ್ಮ ಹೆಸರಿಡುವ ಸಮಾರಂಭವಂತೆ. ಹಿತ್ತಾಳೆಯ ಫಲಕ ಕೆತ್ತಿಸಿಯೂ ಆಗಿದೆ. "ಗುರುಗಳಿಗೆ ಈ ವಯಸ್ಸಲ್ಲಿ ಬೇಜಾರು ಮಾಡೋದು ಬೇಡಮ್ಮ, ಸಮಾರಂಭ ಮುಗೀಲಿ" ಅಂದರು. ಹಾಗೆ ಅನ್ನುವಾಗ ಮುಖದಿಂದ ಬೆಣ್ಣೆ ಸೋರುತ್ತಿತ್ತು.

ಮುಂದಿನ ತಿಂಗಳು ಮರಿಯ ಹಡಗಿಗೂ ಇಂಥದೇ ಪೆಟ್ಟಿಗೆ ಕೂರಿಸುತ್ತಾರೆ. ನಿಮ್ಮ ಮಗನ ಹಡಗು ಹೋಗುವುದು ಆ ಓಣಿಯಲ್ಲೇ. ನೀವು ಶಿಷ್ಯನಿಗೆ ಒಂದು ಸಾಲು ಬರೆದರೆ ಡ್ರಾಯರು ತೆರೆಯುತ್ತದೆ. ಬರೆಯಿರಿ.

ಇನ್ನೂ ನಿಮ್ಮ ಮಗಳೇ

*

ಜನವರಿ 20

ಮೆಣಸಿನಕಾಯಿಗೆ,

ಎರಡು ವರ್ಷ ಉಪವಾಸ ಇದ್ದವಳು ಮೊದಲ ತುತ್ತಿಗೇ ಅಪ್ಪನ ತಲೆ ತಿನ್ನಲು ಬಂದಿದ್ದೀ. ಭೇಷ್.

ಆ ದ್ವೀಪದಲ್ಲಿ ನಾನು ಒಂದಿಡೀ ಬೇಸಿಗೆ ಕಳೆದೆ. ದೋಣಿ ದಡ ಮುಟ್ಟಲು ಜಾಗ ಇದ್ದದ್ದು ಬೆಟ್ಟದ ದಕ್ಷಿಣ ಬುಡದಲ್ಲಿ ಮಾತ್ರ, ಅಲ್ಲೇ ಡೇರೆ. ಡೇರೆಯ ಮೇಲೆ ಹಗಲೂ ರಾತ್ರಿ ಹಕ್ಕಿಗಳ ಹಿಕ್ಕೆ. ಕುಡಿಯುವ ನೀರಿನಲ್ಲಿ ಹುಳ, ಬಟ್ಟೆಯಲ್ಲಿ ಸೋಸಿ ಕಣ್ಣು ಮುಚ್ಚಿ ಕುಡಿದೆವು. ಕಾಲಿಗೆ ಹತ್ತಿದ ಉಣ್ಣೆಹುಳ ಕಿತ್ತು ಕಿತ್ತು ಹುಣ್ಣಾಗಿ ಕೀವು ಸೋರುತ್ತಿತ್ತು. ಅಂಥದರಲ್ಲೂ ಕೂದಲೆಳೆಯಷ್ಟು ಬಿಡದೆ ನಕ್ಷತ್ರ ಅಳೆದೆ. ನೀನು ಫ್ಯಾನಿನ ಕೆಳಗೆ ಕೂತು ಕಾಗದದ ಪಟ್ಟಿ ಓದಿ, ನಿನ್ನಪ್ಪನಿಗೆ ಒಂದು ಕಿಲೋಮೀಟರಿನಷ್ಟು ಕುರುಡು ಅನ್ನುತ್ತೀ.

ಯಾವುದು ನಿನ್ನ ಸಾಕ್ಷಿ? ಒಂದು ತಗಡಿನ ಡಬ್ಬಿ. ನೀರಿನಡಿಯ ಯುದ್ಧನೌಕೆಗಳಿಗೆ ದಾರಿ ಹೇಳಲು ಯಾರೋ ಹಾರಿಸಿದ್ದು. ಹುಟ್ಟಾ ಅಲೆಮಾರಿ. ಊರೂರು ಅಲೆಯುವವನ ಮಾತು ಕೇಳಿ ಮನೆಯಲ್ಲಿ ಕೂತವನ ವಿಳಾಸ ಬದಲಿಸುತ್ತಾರೆಯೇ?

ನನ್ನ ನಕ್ಷೆ ಹಿಡಿದು ಆ ಓಣಿ ದಾಟಿದ ಒಂದೇ ಒಂದು ಹಡಗು ಬಂಡೆಗೆ ತಾಗಿಲ್ಲ. ಒಂದೇ ಒಂದು. ಇದಕ್ಕೆ ನಿನ್ನ ಡಬ್ಬಿ ಏನನ್ನುತ್ತದೆ, ಕೇಳಿ ಬರೆ.

ಸಾಲೂ ಇಲ್ಲ ಗೀಲೂ ಇಲ್ಲ. ಅಷ್ಟು ಖಾತ್ರಿಯಿದ್ದರೆ ನಿಮ್ಮ ಕಟ್ಟಡದ ಕೆಳಗೇ ರೇಡಿಯೊ ಕೋಣೆ ಇದೆಯಲ್ಲ, ಮೆಟ್ಟಿಲಿಳಿದು ಹೋಗಿ ಹೇಳು. ಅಪಾಯದ ಸುದ್ದಿಗೆ ಯಾರ ಸಹಿಯೂ ಬೇಡ, ಹೇಳಿದ ತಕ್ಷಣ ಎಲ್ಲ ಹಡಗಿಗೂ ಓದುತ್ತಾರೆ. ನನ್ನ ಕಾಲದಲ್ಲಿ ನಾನೇ ಮಾಡಿಸಿದ ನಿಯಮ. ಹೇಳುವುದಿಲ್ಲ ನೀನು. ಕೆಲಸ ಹೋದೀತೆಂಬ ಪುಕ್ಕಲು. ಅಪ್ಪನ ಮಾನ ಹೋದರೆ ಹೋಗಲಿ, ನಿನ್ನ ಕುರ್ಚಿ ಇರಬೇಕು. ಥೂ.

ಅಪ್ಪ

ಕಂದಾ, ಇದನ್ನು ಬರೆಯುವಾಗ ಇವರ ಪೆನ್ನಿನ ಮುಳ್ಳೇ ಮುರೀತು. ಹೊಸದು ತಂದಿಟ್ಟಿದೀನಿ. ಉತ್ತರ ಬರಿ, ಜಗಳವಾದ್ರೂ ಪರವಾಗಿಲ್ಲ. ಅಮ್ಮ.

*

ಫೆಬ್ರವರಿ 1

ಅಪ್ಪಾ,

ಕುರುಡು ಅಂತ ನಾನು ಅನ್ನಲೇ ಇಲ್ಲ. ನಿಮ್ಮ ಕಣ್ಣು ಸರಿಯಾಗಿಯೇ ಇತ್ತು. ಮೋಸ ಮಾಡಿದ್ದು ನಿಮ್ಮ ತೂಗುಗುಂಡು.

ನಕ್ಷತ್ರದ ಎತ್ತರ ಅಳೆಯಲು ನೆಟ್ಟಗೆ ಮೇಲೆ ಯಾವುದು ಅಂತ ಮೊದಲು ಗೊತ್ತಾಗಬೇಕು. ಅದನ್ನು ನಿಮಗೆ ಹೇಳಿದ್ದು ದಾರದಲ್ಲಿ ಇಳಿಬಿಟ್ಟ ಗುಂಡು, ಗಾರೆಯವರು ಗೋಡೆ ನೋಡುತ್ತಾರಲ್ಲ ಅಂಥದು. ನೀವು ಡೇರೆ ಹಾಕಿದ್ದು ಬೆಟ್ಟದ ಬುಡದಲ್ಲಿ. ಅಷ್ಟು ಭಾರದ ಬೆಟ್ಟ ಗುಂಡನ್ನು ತನ್ನ ಕಡೆಗೆ, ಉತ್ತರಕ್ಕೆ, ಕಣ್ಣಿಗೆ ಕಾಣದಷ್ಟು ಎಳೆದುಕೊಂಡಿತು. ನಿಮ್ಮ 'ನೆಟ್ಟಗೆ' ಮೇಲ್ಗಡೆ ದಕ್ಷಿಣಕ್ಕೆ ವಾಲಿತು, ನಕ್ಷೆಯಲ್ಲಿ ದ್ವೀಪವೂ ದಕ್ಷಿಣಕ್ಕೆ ಬಿತ್ತು. ಅಲ್ಲಿ ಯಾರು ನಿಂತಿದ್ದರೂ ಹೀಗೇ ಆಗುತ್ತಿತ್ತು.

ಉಪಗ್ರಹಕ್ಕೆ ಗುಂಡೂ ಬೇಡ, ದಾರವೂ ಬೇಡ. ತಾನು ಎಲ್ಲಿದ್ದೇನೆ ಅಂತ ಹೇಳುತ್ತ ಹೋಗುತ್ತದೆ, ನಾವು ಅದರ ಸ್ವರ ಕೇಳುತ್ತೇವೆ. ರೈಲು ನಮ್ಮ ಕಡೆ ಬರುವಾಗ ಸಿಳ್ಳೆ ಏರಿರುತ್ತದೆ, ದಾಟಿದ ಮೇಲೆ ಇಳಿಯುತ್ತದೆ. ಎಷ್ಟು ಬೇಗ ಇಳಿಯಿತು ಅನ್ನುವುದರಿಂದ ನಾವು ಹಳಿಯಿಂದ ಎಷ್ಟು ದೂರ ನಿಂತಿದ್ದೇವೆ ಅಂತ ಲೆಕ್ಕ ಹಾಕಬಹುದು. ಅಲೆಮಾರಿಯ ವಿದ್ಯೆ ಇಷ್ಟೇ. ಅದಕ್ಕೆ ಬೆಟ್ಟ ಕಿವಿಗೆ ಹೂ ಇಡಲಾರದು.

ಇನ್ನು 'ಒಂದೇ ಒಂದು ಹಡಗು'. ನಿಜ ಅಪ್ಪಾ. ನಿಮ್ಮ ನಕ್ಷೆಯಲ್ಲಿ ದ್ವೀಪ, ಓಣಿ, ಬಂಡೆ ಮೂರೂ ಒಟ್ಟಿಗೇ ಸರಿದಿವೆ, ಒಂದಕ್ಕೊಂದರ ದೂರ ಸರಿಯಾಗಿದೆ. ದ್ವೀಪ ನೋಡಿಕೊಂಡು ಹೋದವರಿಗೆ ಏನೂ ಆಗಲಿಲ್ಲ. ಪೆಟ್ಟಿಗೆ ದ್ವೀಪವನ್ನು ನೋಡುವುದಿಲ್ಲ. ಅದು ಕೊಟ್ಟ ಅಂಕೆಯನ್ನು ನಿಮ್ಮ ನಕ್ಷೆಯ ಮೇಲೆ ಗುರುತು ಹಾಕಿಕೊಂಡು ಓಣಿಯ ನಟ್ಟನಡುವೆ ಹೋದವನ ಕೆಳಗೆ ನಿಜವಾಗಿ ಇರುವುದು ಬಂಡೆ. ಬರೀ ನಿಮ್ಮ ನಕ್ಷೆ ಇದ್ದಾಗ ಅಪಾಯ ಇರಲಿಲ್ಲ. ಈಗ ನಿಮ್ಮ ನಕ್ಷೆ, ನನ್ನ ಪೆಟ್ಟಿಗೆ ಒಂದೇ ಮೇಜಿನ ಮೇಲೆ ಬಂದಿವೆ. ಹಡಗು ಮುಳುಗಿಸಲು ನಾವಿಬ್ಬರೂ ಬೇಕು.

ರೇಡಿಯೊ ಕೋಣೆಯ ಮಾತೆತ್ತಿದಿರಿ. ಹೌದು, ನನಗೆ ಹೆದರಿಕೆ. ಬಾಯಿಬಿಟ್ಟರೆ ಗಂಟುಮೂಟೆ ಕಟ್ಟು ಅಂದಿದ್ದಾರೆ ನಿಮ್ಮ ಶಿಷ್ಯ. ಗಂಡಸರೇ ತುಂಬಿದ ಈ ಕೊಳಕು ಕೋಣೆಯಲ್ಲಿ ಒಂದು ಮೇಜು ಗಿಟ್ಟಿಸಲು ನಾನು ಪಟ್ಟ ಪಾಡು ನಿಮಗೆ ಗೊತ್ತಿಲ್ಲ, ನೀವು ಕೇಳಲೂ ಇಲ್ಲ. ಅದಕ್ಕೇ ನಿಮ್ಮ ಕಾಲು ಹಿಡಿಯುತ್ತಿದ್ದೇನೆ. ನಿಮ್ಮನ್ನು ಯಾರೂ ಕೆಲಸದಿಂದ ತೆಗೆಯಲಾರರು.

ಮಗಳು

*

ಫೆಬ್ರವರಿ 13
ಹಡಗಿನಿಂದ

ಅಕ್ಕಾ,

ನಿನ್ನ ಪೆಟ್ಟಿಗೆ ಬಂತು! ಬೀರುವಿನಷ್ಟು ದೊಡ್ಡದು, ಬಾಗಿಲ ಚೌಕಟ್ಟೇ ಕಿತ್ತು ಒಳಗೆ ತಂದರು. ನಮ್ಮ ಕ್ಯಾಪ್ಟನ್ನಿಗೆ ಅದರ ಮೇಲೆ ಎಷ್ಟು ಮೋಹ ಅಂದರೆ ತನ್ನ ಕರವಸ್ತ್ರದಲ್ಲೇ ದಿನಾ ಒರೆಸ್ತಾನೆ. ಆಮೇಲೆ ಅದರಲ್ಲೇ ಮೂಗು. ಛೀ. ಉಪಗ್ರಹ ಒಂದೂವರೆ, ಎರಡು ಗಂಟೆಗೊಮ್ಮೆ ಹಾಯುತ್ತೆ. ಹಾಯ್ದಾಗ ಟಕಟಕ ಅಂತ ಪಟ್ಟಿ ಮೇಲೆ ಅಂಕೆ ಉದುರುತ್ತೆ, ನಾವು ನಕ್ಷೆ ಮೇಲೆ ಗುರುತು ಹಾಕ್ತೀವಿ. ನಡುವಿನ ಹೊತ್ತು ಅಂದಾಜು. ಇನ್ನು ಬೆಟ್ಟ, ದೀಪಸ್ತಂಭ ಅಂತ ಕಣ್ಣು ಹರ್ಕೋಬೇಕಿಲ್ಲ ಅಂತಾನೆ ಕ್ಯಾಪ್ಟನ್.

ಉಳಿದದ್ದೆಲ್ಲ ಹಾಗೇ. ಅಡುಗೆಮನೆ ತುಂಬ ಜಿರಲೆ. ತಳದ ಕೊಳೆನೀರಿನ ವಾಸನೆ ನನ್ನ ದಿಂಬಿಗೂ ಹತ್ತಿದೆ. ಮಾರ್ಚಿ ಎರಡನೇ ವಾರ ಬಂದರಿನಲ್ಲಿ ಟಪಾಲು ಸಿಗುತ್ತೆ, ಅಲ್ಲಿಗೆ ಬರಿ. ಅಲ್ಲಿಂದ ಮುಂದೆ ಅಪ್ಪನ ಓಣಿ!

ನಮ್ಮ ಹಿಂದೆಯೇ ಒಂದು ಎಣ್ಣೆ ಹಡಗು ಬರ್ತಿದೆ, ಅವರಿಗೂ ಪೆಟ್ಟಿಗೆ ಕೂರಿಸಿದಾರೆ. ಅದರ ರೇಡಿಯೊದವನು ಸಂಜೆ ಹರಟೆಗೆ ಸಿಗ್ತಾನೆ. ಮುಖ ನೋಡಿಲ್ಲ, ಆದ್ರೆ ನಗಿಸಿ ನಗಿಸಿ ಸಾಯಿಸ್ತಾನೆ. ನನ್ನನ್ನ "ಮುಂದಿನ ಮನೆಯವನೇ" ಅಂತಾನೆ. ನಾನು ಅವನನ್ನ "ಹಿಂದಿನ ಮನೆಯವನೇ" ಅಂತೀನಿ.

ನಿಮ್ಮಿಬ್ಬರ ಮುನಿಸು ಇನ್ನೂ ಮುಗಿದಿಲ್ವಾ? ಸಾಕು ಬಿಡೇ.

ಮರಿ

*

ಫೆಬ್ರವರಿ 17

ಮೆಣಸಿನಕಾಯಿಗೆ,

ಬೆಟ್ಟ ಎಳೆಯಿತಂತೆ. ಗುಂಡು ವಾಲಿತಂತೆ. ನನಗೆ ಅಕ್ಷರ ಕಲಿಸಿದ್ದಕ್ಕೆ ಸಂತೋಷ.

ಮಾರ್ಚಿ ಹದಿನೆಂಟಕ್ಕೆ ಸಮಾರಂಭ. ನಾನು ಹೋಗುತ್ತೇನೆ, ಫಲಕ ತೆಗೆದುಕೊಳ್ಳುತ್ತೇನೆ. ಆಮೇಲೆ ನೀವು ದ್ವೀಪವನ್ನು ಬೇಕಾದತ್ತ ತಳ್ಳಿಕೊಂಡು ಹೋಗಿ. ಇಷ್ಟು ಕಾಲ ಕಾದ ಬಂಡೆ ಇನ್ನೊಂದು ತಿಂಗಳು ಕಾಯುತ್ತದೆ.

ಈ ವಿಷಯ ಇನ್ನು ಬರೆಯಬೇಡ.

ಅಪ್ಪ

*

ಫೆಬ್ರವರಿ 27

ಕಂದಾ,

ಇವರಿಗೆ ಏನಾಗಿದೆಯೋ ತಿಳೀತಿಲ್ಲ. ನಡುಮನೆಯ ಫ್ಯಾನು ಬಿಚ್ಚಿಸಿ, ಅದರ ಕೊಕ್ಕೆಗೆ ದಾರ ಕಟ್ಟಿ, ಹಳೇ ಪೆಟ್ಟಿಗೇಲಿದ್ದ ಹಿತ್ತಾಳೆ ಗುಂಡು ಇಳಿಬಿಟ್ಟಿದಾರೆ. ಓಡಾಡೋರ ತಲೆಗೆಲ್ಲ ಬಡೀತದೆ. ನನ್ನ ಹಣೆ ನೋಡಬೇಕು ನೀನು, ಬೋರೆಹಣ್ಣಿನಷ್ಟು ಊದಿದೆ. ಅದರ ಮುಂದೆ ಕುರ್ಚಿ ಹಾಕ್ಕೊಂಡು ಒಂದು ಕಣ್ಣು ಮುಚ್ಚಿ ಕೂತಿರ್ತಾರೆ. ಸ್ನಾನ ಇಲ್ಲ, ಗಡ್ಡ ಕೆರೆಯೋದಿಲ್ಲ, ತಟ್ಟೆಯಲ್ಲಿ ಊಟ ಆರಿ ನೊಣ ಕೂರ್ತದೆ. ಮನೆ ಗಬ್ಬು ನಾರ್ತಿದೆ ಕಣೆ.

"ಏನು ಕಾಣ್ತಿದೆ ಅದರಲ್ಲಿ?" ಅಂದೆ. "ನೆಟ್ಟಗೆ ಕಾಣ್ತಿದೆ. ಅದೇ ತೊಂದರೆ" ಅಂದ್ರು.

ಸೋಮವಾರ ಇದ್ದಕ್ಕಿದ್ದ ಹಾಗೆ ಶೂ ಹಾಕ್ಕೊಂಡು ತಾವೇ ಪೋಸ್ಟಾಫೀಸಿಗೆ ಹೋದ್ರು. ನನ್ನ ಕೈಲಿ ಕೊಡಿ, ಹಾಕಿ ಬರ್ತೀನಿ ಅಂದ್ರೆ ಕೊಡಲಿಲ್ಲ. ಯಾರಿಗೆ ಅಂದ್ರೆ "ನಿನಗ್ಯಾಕೆ" ಅಂದ್ರು. ಆ ಶಿಷ್ಯನಿಗೇ ಬರೆದಿರಬೇಕು. ನಿನ್ನ ಮಾತು ನಾಟಿದೆ, ಬಾಯಲ್ಲಿ ಒಪ್ಪೋದಿಲ್ಲ ಅಷ್ಟೇ. ಆ ಮನುಷ್ಯನ ಬುದ್ಧಿ ನನಗೆ ಗೊತ್ತಿಲ್ವಾ? ನೀನು ನಿಶ್ಚಿಂತೆಯಾಗಿರು.

ನಿನ್ನ ಅಮ್ಮ

*

ಮಾರ್ಚಿ 19

ಅಪ್ಪಾ,

ನಿನ್ನೆ ಸಭಾಂಗಣದ ಹಿಂಬದಿ ಗೋಡೆಗೆ ಒರಗಿ ನಿಂತಿದ್ದೆ. ನೀವು ನನ್ನನ್ನು ನೋಡಿದಿರಿ, ನೋಡದ ಹಾಗೆ ತಲೆ ತಿರುಗಿಸಿದಿರಿ.

ಅಮ್ಮನ ಕಾಗದ ಬಂದ ದಿನದಿಂದ ನಾನು ಪೆದ್ದಿಯ ಹಾಗೆ ಕಾದೆ. ಬೆಳಗ್ಗೆ ಬಂದವಳೇ ಸಾಹೇಬರ ಡ್ರಾಯರಿನ ಕಡೆ ನೋಡುತ್ತಿದ್ದೆ. ಕೊನೆಗೆ ಬಾಯಿಬಿಟ್ಟು ಕೇಳಿಯೇಬಿಟ್ಟೆ, ಅಪ್ಪನಿಂದ ಏನಾದರೂ ಬಂತಾ ಅಂತ. "ಬಂತಲ್ಲ, ಸಮಾರಂಭಕ್ಕೆ ಯಾವ ಬಸ್ಸಿಗೆ ಬರ್ತೀನಿ ಅಂತ ಬರೆದಿದ್ರು" ಅಂದರು. ಬೇರೇನೂ ಇಲ್ಲ.

ವೇದಿಕೆಯ ಮೇಲೆ ಅವರು ನಿಮ್ಮನ್ನು ಹೊಗಳುವಾಗ ಅವರ ಬಾಯಿಯ ಎರಡೂ ಮೂಲೆಯಲ್ಲಿ ಬಿಳಿ ನೊರೆ ಕಟ್ಟಿತ್ತು. "ಇಂದಿಗೂ ಕೂದಲೆಳೆಯಷ್ಟು ತಪ್ಪಿಲ್ಲದ ನಕ್ಷೆ" ಅಂದರು. ವರದಿಯ ಬೀಗದ ಕೈ ಅವರ ಕೋಟಿನ ಜೇಬಿನಲ್ಲೇ ಇತ್ತು. ಜನ ಚಪ್ಪಾಳೆ ತಟ್ಟಿದರು. ನೀವು ಫಲಕವನ್ನು ಎದೆಗೆ ಹಿಡಿದು ಹಲ್ಲು ಕಿರಿದಿರಿ. ನಿಮ್ಮನ್ನು ಕೋಪದಲ್ಲಿ ನೋಡಿದ್ದೇನೆ, ಜ್ವರದಲ್ಲಿ ನೋಡಿದ್ದೇನೆ, ಹೀಗೆ ಯಾವತ್ತೂ ನೋಡಿರಲಿಲ್ಲ. ಹೊರಗೆ ಬಂದು ಕೈ ತೊಳೆದೆ. ಯಾಕೆ ತೊಳೆದೆನೋ, ನಾನು ಯಾರ ಕೈಯನ್ನೂ ಕುಲುಕಿರಲಿಲ್ಲ.

ಸಮಾರಂಭ ಮುಗಿಯಿತಲ್ಲ. ಇನ್ನಾದರೂ ಡ್ರಾಯರು ತೆಗೆಸಿ.

ಮಗಳು

*

ಮಾರ್ಚಿ 29
ದ್ವೀಪದಿಂದ

ಅಪ್ಪಾ,

ರೇಡಿಯೊದಲ್ಲಿ ಕೇಳಿರುತ್ತೀರಿ. ಇಪ್ಪತ್ತೊಂದನೇ ತಾರೀಕು ಎಣ್ಣೆ ಹಡಗು ಬಂಡೆ ಹತ್ತಿತು. ಮಂಜಿನಲ್ಲಿ, ನಿಮ್ಮ ನಕ್ಷೆಯ ಪ್ರಕಾರ ಓಣಿಯ ನಟ್ಟನಡುವೆ. ಇಬ್ಬರು ಸತ್ತರು. ಒಬ್ಬ ಎಂಜಿನ್ ಕೋಣೆಯವನು. ಇನ್ನೊಬ್ಬ ರೇಡಿಯೊದವನು, ನೀರು ಎದೆಗೆ ಬರುವವರೆಗೂ ಕೂತ ಕಡೆಯಿಂದ ಏಳದೆ ಕೂಗುತ್ತಿದ್ದನಂತೆ. ದಿನಾ ಸಂಜೆ ಮರಿಯ ಜೊತೆ ಹರಟುತ್ತಿದ್ದವನು ಅವನೇ.

ಮರಿಯ ಹಡಗು ಅದೇ ಬೆಳಗ್ಗೆ ಅವರಿಗಿಂತ ಮುಂಚೆ ದಾಟಿತ್ತು. ಅವನು ಹೇಗೆ ಪಾರಾದ ಅಂತ ಕೇಳಬೇಡಿ.

ಆ ಹಡಗಿನ ಪೆಟ್ಟಿಗೆ ಸರಿಯಿದೆಯೇ ನೋಡಿ ಬಾ ಅಂತ ನನ್ನನ್ನು ಇಲ್ಲಿಗೆ ಕಳಿಸಿದ್ದಾರೆ. ನಿಮ್ಮ ಕಲ್ಲಿನ ಪಕ್ಕ ಕೂತು ಬರೆಯುತ್ತಿದ್ದೇನೆ. ದಡದ ಉದ್ದಕ್ಕೂ ಮೊಣಕಾಲುದ್ದ ಕರಿ ಲೋಳೆ. ಹಕ್ಕಿಗಳು ರೆಕ್ಕೆ ಬಿಚ್ಚಲಾರದೆ ಅದರಲ್ಲೇ ಹೊರಳುತ್ತವೆ, ಕೊಕ್ಕು ತೆರೆದರೆ ಒಳಗೂ ಎಣ್ಣೆ. ಒಂದನ್ನು ಎತ್ತಿಕೊಂಡೆ. ಅದು ನನ್ನ ಕೈಮೇಲೆ ಕರ್ರಗೆ ಕಾರಿಕೊಂಡು ಸತ್ತಿತು. ವಾಸನೆ ಮೂಗಿನಲ್ಲಿ ಅಲ್ಲ, ಗಂಟಲಲ್ಲಿ ಕೂತಿದೆ, ನೀರು ಕುಡಿದರೂ ಎಣ್ಣೆ ಕುಡಿದಂತೆ. ಬಂದ ದಿನದಿಂದ ವಾಂತಿ.

ಪೆಟ್ಟಿಗೆ ಸರಿಯಾಗಿದೆ. ಆದರೆ ಸಾಹೇಬರ ತಂತಿ ಬಂದಿದೆ, 'ಪೆಟ್ಟಿಗೆಯ ದೋಷ' ಅಂತ ಬರೆದು ಸಹಿ ಹಾಕಬೇಕಂತೆ. ಗುರುಗಳ ನಕ್ಷೆಯ ಮಾತೇ ಎತ್ತಬಾರದಂತೆ.

ಒಂದು ಸಾಲು ಕೇಳಿದ್ದೆ ಅಪ್ಪಾ, ಬಸ್ಸಿನ ವಿಷಯ ಬರೆದಿರಲ್ಲ ಅದೇ ಕಾಗದದಲ್ಲಿ ಇನ್ನೊಂದು ಸಾಲು. ನಿಮ್ಮನ್ನು ನೆನೆಸಿಕೊಂಡರೆ ಈ ಎಣ್ಣೆಗಿಂತ ಹೆಚ್ಚು ಅಸಹ್ಯವಾಗುತ್ತದೆ.

ಸಹಿ ಹಾಕಲು ಮನಸ್ಸಿಲ್ಲ

*

ಏಪ್ರಿಲ್ 6

ಅಪ್ಪಾ, ಅಕ್ಕಾ,

ನಡುವೆ ಕಾರ್ಬನ್ ಇಟ್ಟು ಇಬ್ಬರಿಗೂ ಒಂದೇ ಕಾಗದ ಬರೀತಿದೀನಿ. ಮೇಲಿನದು ಯಾರಿಗೆ, ಅಡಿಯದು ಯಾರಿಗೆ ಅಂತ ನೋಡಿಲ್ಲ.

ಆ ಬಂದರಿನಲ್ಲಿ ನನಗೆ ಎರಡು ಕಾಗದ ಬಂದವು. ಒಂದೇ ಚೀಲದಲ್ಲಿ, ಒಂದೇ ದಿನ. ಒಂದು ಅಪ್ಪನದು. "ಓಣಿಯಲ್ಲಿ ನಿನ್ನ ಅಕ್ಕನ ಪೆಟ್ಟಿಗೆಯನ್ನೂ ನನ್ನ ನಕ್ಷೆಯನ್ನೂ ಒಟ್ಟಿಗೆ ನಂಬಬೇಡ. ಅವಳ ಲೆಕ್ಕ ಸರಿ. ಎಲ್ಲವೂ ಒಂದು ಕಿಲೋಮೀಟರು ಉತ್ತರಕ್ಕಿದೆ. ದ್ವೀಪ ನೋಡಿಕೊಂಡು ದಾಟು. ಬೇರೆ ಯಾರಿಗೂ ಹೇಳಬೇಡ." ಇನ್ನೊಂದು ಅಕ್ಕನದು. "ಅಪ್ಪನ ನಕ್ಷೆಯ ಮೇಲೆ ಪೆಟ್ಟಿಗೆಯ ಅಂಕೆ ಹಾಕಬೇಡ ಮರಿ. ಎಲ್ಲವೂ ಒಂದು ಕಿಲೋಮೀಟರು ಉತ್ತರಕ್ಕಿದೆ. ದ್ವೀಪ ನೋಡಿಕೊಂಡು ದಾಟು. ಬೇರೆ ಯಾರಿಗೂ ಹೇಳಬೇಡ, ನನ್ನ ಕೆಲಸ ಹೋಗುತ್ತೆ."

ಅವತ್ತು ನನಗೆ ನಗು ಬಂತು. ಇಬ್ಬರೂ ಮಾತು ಬಿಟ್ಟಿದೀರಿ, ಬರೆಯೋದು ಮಾತ್ರ ಒಂದೇ. ಪಾಪ, ಎಷ್ಟು ಪ್ರೀತಿ ನನ್ನ ಮೇಲೆ ಅಂದ್ಕೊಂಡೆ.

ಇಪ್ಪತ್ತೊಂದರ ಬೆಳಗ್ಗೆ ಗೋಡೆಯಂಥ ಮಂಜು. ಆ ಜಾಗ ನಮ್ಮಪ್ಪನೇ ಅಳೆದದ್ದು, ನನಗೆ ಬಿಡಿ ಅಂತ ಕ್ಯಾಪ್ಟನ್ನಿಗೆ ಹೇಳಿ, ಪೆಟ್ಟಿಗೆ ಪಕ್ಕಕ್ಕಿಟ್ಟು, ರಡಾರಿನಲ್ಲಿ ದ್ವೀಪ ನೋಡ್ತಾ ನೋಡ್ತಾ ದಾಟಿದೆ. ಹೊರಗೆ ಬಂದಾಗ ರೇಡಿಯೊ ಕೂಗಿತು. "ಮುಂದಿನ ಮನೆಯವನೇ, ದಾರಿ ಹೇಗಿದೆ? ನಮ್ಮ ರಡಾರ್ ಕೆಟ್ಟು ವಾರವಾಯ್ತು, ಪೆಟ್ಟಿಗೆ ಇದೆಯಲ್ಲ ಅಂತ ರಿಪೇರಿ ಮಾಡಿಸಿಲ್ಲ ಪುಣ್ಯಾತ್ಮರು. ಅದನ್ನೇ ನಂಬಿ ಬರ್ತಿದೀವಿ."

ಬಾಯಿ ತುದೀಲಿ ಇತ್ತು. ಆದ್ರೆ ರೇಡಿಯೊದಲ್ಲಿ ಹೇಳಿದ್ದನ್ನ ಸುತ್ತಲಿನ ಹಡಗುಗಳೆಲ್ಲ ಕೇಳ್ತವೆ. ಅಪ್ಪನ ಫಲಕ ಕಣ್ಮುಂದೆ ಬಂತು. ಅಕ್ಕನ ಮೇಜು ಬಂತು. "ಓಣಿ ಆರಾಮಾಗಿದೆ, ನಿಧಾನಕ್ಕೆ ಬಾ ಮಾರಾಯ" ಅಂದೆ. ನಿಧಾನಕ್ಕೆ ಅನ್ನೋದರಲ್ಲೇ ಎಚ್ಚರಿಕೆ ಇದೆಯಲ್ಲ ಅಂತ ನನಗೆ ನಾನೇ ಸಮಾಧಾನ ಹೇಳ್ಕೊಂಡೆ.

ಅವನು ನಿಧಾನಕ್ಕೇ ಬಂದ.

ಆಮೇಲೆ ಅವನು ಕೂಗಿದ್ದು ನನ್ನನ್ನೇ. ಮುಂದಿನ ಮನೆಯವನೇ, ಮುಂದಿನ ಮನೆಯವನೇ ಅಂತ. ನಾವು ವಾಪಸು ತಿರುಗಿ ಹೋಗೋ ಹೊತ್ತಿಗೆ ನಿಂತುಹೋಗಿತ್ತು.

ನನಗೆ ಊಟ ಸೇರ್ತಿಲ್ಲ. ಕನ್ನಡಿ ನೋಡಿದ್ರೆ ಉಗೀಬೇಕು ಅನ್ಸುತ್ತೆ. ವಿಚಾರಣೆಗೆ ಕರೆದಿದಾರೆ, ಎಲ್ಲ ಹೇಳ್ತೀನಿ. ನಿಮ್ಮಿಬ್ಬರ ಹೆಸರೂ ಬರುತ್ತೆ, ನನ್ನದೂ ಬರುತ್ತೆ. ಅಷ್ಟರೊಳಗೆ ನೀವಾಗಿ ನೀವೇ ಹೇಳಿದ್ರೆ ನನಗೆ ಕಾಗದ ಬರೀರಿ. ಇಲ್ಲದಿದ್ರೆ ಬೇಡ.

ಮರಿ

*

ಏಪ್ರಿಲ್ 15

ಮರಿ,

ಹೇಳಿದ್ದೇವೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊನ್ನೆ ಮಧ್ಯಾಹ್ನ ಅಪ್ಪ ಬಂದರು. ಮೂರು ಮಹಡಿ ಹತ್ತಿ ನನ್ನ ಮೇಜಿನ ಮುಂದೆ ಏದುಸಿರು ಬಿಡುತ್ತ ನಿಂತರು. ಕಂಕುಳಲ್ಲಿ ಹಿತ್ತಾಳೆಯ ಫಲಕ, ಕೈಯಲ್ಲಿ ನಿನ್ನ ಕಾಗದ. ಕಾರ್ಬನ್ ಅಡಿಯದು ಅವರಿಗೆ ಹೋಗಿತ್ತು. ನನ್ನ ಮೇಜಿನ ಮೇಲೆ ಮೇಲಿನದು ಇತ್ತು. ಎರಡನ್ನೂ ನೋಡಿದರು.

"ನೀನೂ ಬರೆದಿದ್ದೆಯಾ?" ಅಂದರು. ಹೂಂ ಅಂದೆ. ದ್ವೀಪದಿಂದ ನಾನು ಬರೆದ ಒಂದೊಂದು ಬೈಗುಳವೂ ನನ್ನ ಗಂಟಲಿಗೇ ವಾಪಸು ಬಂತು. ಅವರು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. "ನಿನ್ನ ಮೊದಲ ಕಾಗದ ಓದಿದ ದಿನವೇ ನಂಬಿದೆ ಮೆಣಸಿನಕಾಯಿ. ಲೆಕ್ಕ ನಿನ್ನದು, ತಪ್ಪಿರೋದಿಲ್ಲ ಅಂತ ಗೊತ್ತಿತ್ತು. ಥೂ, ನಾವೂ ಒಂದು ಜನವಾ? ನಮ್ಮ ಮನೆ ಹುಡುಗ ಬದುಕಿದರೆ ಸಾಕು ಅಂದ್ಕೊಂಡ್ವಿ" ಅಂದರು.

ಸಾಹೇಬರು ಓಡಿ ಬಂದರು. ಗುರುಗಳೇ, ಕೂತ್ಕೊಳ್ಳಿ, ಚಹಾ ತರಿಸ್ತೀನಿ ಅಂದರು. ಅಪ್ಪ ಫಲಕವನ್ನು ಅವರ ಕೈಗಿಟ್ಟರು. "ಇದನ್ನೂ ಅದೇ ಡ್ರಾಯರಿಗೆ ಹಾಕು" ಅಂದರು. ಆಮೇಲೆ ನನ್ನ ಮೊಣಕೈ ಹಿಡಿದುಕೊಂಡು ಮೆಟ್ಟಿಲಿಳಿದರು. ಹಿಂದಿನಿಂದ ಸಾಹೇಬರು ನನ್ನನ್ನು ಕರೆಯುತ್ತಿದ್ದರು. ಕೆಲಸ ಅಲ್ಲಿಗೆ ಮುಗಿಯಿತು, ಗೊತ್ತಾಯಿತು. ಆ ಮೂರು ಮಹಡಿ ಇಳಿಯಲು ನನಗೆ ಜನವರಿಯಿಂದ ಏನು ಅಡ್ಡ ಬಂದಿತ್ತೋ ಈಗ ಯೋಚಿಸಿದರೆ ಮೈಯೆಲ್ಲ ಹೇಸಿಗೆಯಾಗುತ್ತದೆ.

ರೇಡಿಯೊ ಕೋಣೆಯಲ್ಲಿದ್ದವರು ವಯಸ್ಸಾದ ಮನುಷ್ಯ. ಅಪ್ಪ ಹೇಳಿದರು, ನಾನು ಬರೆದುಕೊಟ್ಟೆ. ನಕ್ಷೆಯಲ್ಲಿ ದ್ವೀಪ, ಓಣಿ, ಬಂಡೆ ಎಲ್ಲವೂ ಒಂದು ಕಿಲೋಮೀಟರು ಉತ್ತರಕ್ಕೆ. ಕೆಳಗೆ ನಮ್ಮಿಬ್ಬರ ಹೆಸರು. ಅವರು ಓದಿ ಕನ್ನಡಕ ತೆಗೆದು, "ಇಷ್ಟು ದಿನ ಎಲ್ಲಿದ್ರಿ?" ಅಂದರು.

ಅವರು ನಿಧಾನವಾಗಿ, ಬರೆದುಕೊಳ್ಳುವ ಹಾಗೆ, ಎರಡೆರಡು ಸಲ ಓದಿದರು. ಆಮೇಲೆ ಪಟ್ಟಿ ಹಿಡಿದು ಒಂದೊಂದೇ ಹಡಗಿನ ಹೆಸರು ಕರೆಯುವುದು ಪದ್ಧತಿ. ಕರೆದಾಗ ಅತ್ತಲಿಂದ "ಕೇಳಿಸಿತು" ಅನ್ನಬೇಕು. ನಿನ್ನ ಹಡಗು ಅಂದಿತು, ಯಾರೋ ಬೇರೆಯವರ ದನಿ. ಹೀಗೆ ಕರೆಯುತ್ತ ಹೋಗಿ, ಅಭ್ಯಾಸಬಲದಲ್ಲಿ, ಎಣ್ಣೆ ಹಡಗಿನ ಹೆಸರನ್ನೂ ಕರೆದುಬಿಟ್ಟರು. ಪಟ್ಟಿಯಿಂದ ಅದನ್ನು ಇನ್ನೂ ಹೊಡೆದುಹಾಕಿರಲಿಲ್ಲ. ಕರೆದವರೇ ನಾಲಿಗೆ ಕಚ್ಚಿಕೊಂಡರು. ರೇಡಿಯೊದಲ್ಲಿ ಬರೀ ಸುಯ್ ಅನ್ನುವ ಸದ್ದು.

ಅವರು ಮುಂದಿನ ಹೆಸರಿಗೆ ಬೆರಳಿಟ್ಟರು. ಅಪ್ಪ ಅವರ ಕೈ ತಡೆದು, "ಇನ್ನೊಂದು ಸಲ ಕರೀರಿ" ಅಂದರು.

ಅವರು ಅಪ್ಪನ ಮುಖ ನೋಡಿದರು, ಕರೆದರು. ಅಪ್ಪ ಮೇಜಿಗೆ ಎರಡೂ ಕೈ ಊರಿ, ಕಿವಿ ಕೊಟ್ಟು ನಿಂತೇ ಇದ್ದರು. ರೇಡಿಯೊದವರು ಮೂರನೇ ಸಲ ಕರೆದರು.

ಅಕ್ಕ
ಅಪ್ಪ